ಕಾಲಿಲ್ಲದ ಪೈಲ್ವಾನ

ನಾನು ಕುಸ್ತಿ ಅಭ್ಯಾಸದ ಒಂದು ಗೊಂಬೆ. ನನಗೆ ತಲೆಯಿದೆ, ಎದೆಯಿದೆ, ಎರಡು ಗಿಡ್ಡ ತೋಳುಗಳಿವೆ. ಕಾಲಿಲ್ಲ. ಹೊಲಿದವರು ಮರೆತದ್ದಲ್ಲ, ಬೇಡವೆಂದು ಹೇಳಿಯೇ ಮಾಡಿಸಿದರು.

ಗದಗಿನಲ್ಲಿ ಟಾಂಗಾ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದ ದಾವಲಸಾಬರು ನನ್ನನ್ನು ಹುಟ್ಟಿಸಿದವರು. ಆಟೋಗಳು ಬಂದು ಕುದುರೆಗಳು ಕಡಿಮೆಯಾಗಿದ್ದವು, ಅವರ ಕೈ ಮಾತ್ರ ಸುಮ್ಮನಿರಲೊಲ್ಲದು. ದಪ್ಪ ಚರ್ಮಕ್ಕೆ ಮೇಣದ ದಾರದಿಂದ ಹೊಲಿಗೆ ಹಾಕಿ, ಒಳಗೆ ಹತ್ತಿ, ಚಿಂದಿ, ನಡುವೆ ಒಂದು ಮರಳಿನ ಚೀಲ ತುಂಬಿದರು. ಒಟ್ಟು ಐವತ್ತು ಕಿಲೋ. ಕಣ್ಣು ಮೂಗು ಬರೆಯಲಿಲ್ಲ. ಪೆಟ್ಟು ತಿನ್ನಲಿಕ್ಕೆ ಹುಟ್ಟಿದವನಿಗೆ ಮುಖ ಯಾಕೆ ಎಂದು ನಕ್ಕರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾಡಿಸಿದವರು ಕುಸ್ತಿ ಕಲಿಸುವ ಬಸಲಿಂಗಪ್ಪ ವಸ್ತಾದರು. ಮಾಡಿಸಿದ್ದು ಒಬ್ಬನಿಗಾಗಿ. ಅವನು ಫಕೀರೇಶ, ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಇಪ್ಪತ್ತು ವರ್ಷದ ಪೈಲ್ವಾನ. ಕೆಂಪು ಮಣ್ಣಿನ ಅಖಾಡದಲ್ಲಿ ಅವನಿಗೆ ಎದುರಿಲ್ಲ. ವಸ್ತಾದರಿಗೋ ಅವನನ್ನು ಗ್ರೀಕೋ-ರೋಮನ್ ಕುಸ್ತಿಗೆ ಕಳಿಸುವ ಆಸೆ. ಆ ಕುಸ್ತಿಯಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಎದೆಗೆ ಎದೆ ಕೊಟ್ಟು, ಅಪ್ಪಿ ಎತ್ತಿ ಒಗೆಯಬೇಕು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಫಕೀರೇಶನ ಕೈ ಎದುರಾಳಿಯ ಕಾಲಿಗೇ ಓಡುತ್ತಿತ್ತು. ರಾಜ್ಯಮಟ್ಟದ ಫೈನಲ್‌ನಲ್ಲಿ ಗೆಲ್ಲುತ್ತಿದ್ದವನು ಮೂರು ಸಲ ಕಾಲು ಹಿಡಿದು ಪಂದ್ಯದಿಂದಲೇ ಹೊರಬಿದ್ದ. ಕಾಲೇ ಇಲ್ಲದಿದ್ದರೆ ಏನು ಹಿಡಿಯುತ್ತಾನೆ, ನೋಡೋಣ ಎಂದು ವಸ್ತಾದರು ನನ್ನನ್ನು ತಂದರು.

ಮೊದಲ ವಾರ ಅವನ ಕೈ ನನ್ನ ಸೊಂಟದ ಕೆಳಗೆ ತಡಕಾಡಿ ಬರಿದೇ ವಾಪಸು ಬರುತ್ತಿತ್ತು. ನನಗೆ ಒಳಗೊಳಗೇ ನಗು. ಎರಡು ತಿಂಗಳಿಗೆ ತಡಕಾಟ ನಿಂತಿತು. ಆಮೇಲೆ ದಿನಕ್ಕೆ ನೂರು ಸಲ ಅಪ್ಪಿದ, ನೂರು ಸಲ ಒಗೆದ. ಮದುವೆಯಾದ ಮೇಲಂತೂ, ಹೆಂಡತಿ ನೀಲವ್ವನನ್ನೂ ಇಷ್ಟು ಅಪ್ಪಿರಲಿಕ್ಕಿಲ್ಲ ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ನನಗೂ ಸ್ವಲ್ಪ ಜಂಬವೇ.

ಫಕೀರೇಶ ರಾಷ್ಟ್ರ ಚಾಂಪಿಯನ್ ಆದ. ತಾಷ್ಕೆಂಟ್, ಟೆಹರಾನ್, ಬುಡಾಪೆಸ್ಟ್ ಎಂದು ಊರೂರು ಹಾರಿದ. ನಾನು ಎಲ್ಲಿಗೂ ಹೋಗಲಿಲ್ಲ. ಐವತ್ತು ಕಿಲೋದ ಗೊಂಬೆಗೆ ವಿಮಾನದಲ್ಲಿ ಯಾರು ಜಾಗ ಕೊಡುತ್ತಾರೆ? ಏಷ್ಯಾ ಮಟ್ಟದಲ್ಲಿ ಕಂಚು ಗೆದ್ದು ಬಂದ ದಿನ, ಹಾರ ಹಿಡಿದು ನಿಂತವರನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದವನು ಪದಕವನ್ನು ನನ್ನ ಕೊರಳಿಗೆ ಹಾಕಿದ. ತಣ್ಣಗಿತ್ತು. ಜನ್ಮ ಸಾರ್ಥಕವಾಯಿತು ಅನಿಸಿತು.

ಮೂವತ್ತೊಂದನೆಯ ವರ್ಷದಲ್ಲಿ ಅವನ ಬಲಭುಜದ ಕೀಲು ತಪ್ಪಿತು. ಆಪರೇಷನ್ ಆಗಿ ಎಂಟು ತಿಂಗಳು ಮನೆಯಲ್ಲಿ ಕುಳಿತ. ಒಲಿಂಪಿಕ್ಸ್ ಆಯ್ಕೆಯ ಪಂದ್ಯ ಹತ್ತಿರ ಬಂದಿತ್ತು. ಅವನಿಗೆ ಉಳಿದಿದ್ದ ಆಸೆ ಅದೊಂದೇ, ಈ ವಯಸ್ಸಿಗೆ ಅದೇ ಕೊನೆಯ ಅವಕಾಶ. ತಿರುಗಿ ಬಂದು ನನ್ನನ್ನು ಎತ್ತಿದ. ಮೊಣಕಾಲಿನ ತನಕ ಬಂದೆ, ಜಾರಿದೆ. ಹದಿನೈದು ದಿನ ಇದೇ ಹಾಡು. ನನ್ನನ್ನು ಹಗುರ ಮಾಡಪ್ಪಾ ಎಂದು ದೇವರನ್ನು ಬೇಡಿಕೊಂಡೆ.

ದೇವರಿಗೆ ಕೇಳಿಸಿತೋ ಇಲ್ಲವೋ, ವಸ್ತಾದರಿಗೆ ಕೇಳಿಸಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನನ್ನ ಬೆನ್ನಿನ ಹೊಲಿಗೆ ಬಿಚ್ಚಿ, ಮರಳಿನ ಚೀಲ ತೆಗೆದು, ಅಲ್ಲಿ ಹತ್ತಿ ತುರುಕಿ ಹೊಲಿದರು. ಶಿಷ್ಯನಿಗೆ ಒಂದಿಷ್ಟು ಧೈರ್ಯ ಬರಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿತ್ತು. ಸೂಜಿ ಎರಡು ಸಲ ಅವರ ಬೆರಳಿಗೇ ಚುಚ್ಚಿತು.

ಸಂಜೆ ಫಕೀರೇಶ ಅಪ್ಪಿ ಎತ್ತಿದ. ನಾನು ಅವನ ತಲೆಯ ಮೇಲಿಂದ ಹಾದು ಧೊಪ್ಪನೆ ಬಿದ್ದೆ. ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವನು ಹಿಗ್ಗಲಿಲ್ಲ. ಹತ್ತಿಯ ಅಂಡಿಗೆ ಹೊತ್ತ ಬೆನ್ನಿಗೆ ತೂಕದಲ್ಲಿ ಮೋಸ ಮಾಡಲಾದೀತೇ? ಹತ್ತಿರ ಕುಳಿತು ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದ.

"ವಸ್ತಾದರ, ಎಷ್ಟ ತಗದೀರಿ?" ಎಂದು ಮೆಲ್ಲಗೆ ಕೇಳಿದ.

ವಸ್ತಾದರು ನೆಲ ನೋಡಿದರು. "ಹದಿನೈದ ಕಿಲೋ. ತಪ್ಪಾತಪಾ."

"ಮತ್ತ ತುಂಬ್ರಿ. ಸೋತರ ಖರೇ ತೂಕಕ್ಕ ಸೋಲ್ತೀನಿ."

ಮರುದಿನ ಬೆಳಿಗ್ಗೆ ನಾನು ಮತ್ತೆ ಐವತ್ತು ಕಿಲೋ. ಫಕೀರೇಶ ಅಪ್ಪಿ ಎತ್ತಿದ. ಅವನ ಎದೆಯ ಎತ್ತರಕ್ಕೆ ಬಂದೆ. ಅಲ್ಲಿಂದ ಮೇಲೆ ಹೋಗಲಿಲ್ಲ. ಭುಜ ನಡುಗುವುದು ನನ್ನ ಚರ್ಮಕ್ಕೆ ತಿಳಿಯುತ್ತಿತ್ತು. ಕೆಳಗೆ ಬಿಡಲೂ ಇಲ್ಲ, ಹಾಗೆಯೇ ಬಹಳ ಹೊತ್ತು ಹಿಡಿದು ನಿಂತ. ಕೊನೆಗೆ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ನನ್ನನ್ನು ಮ್ಯಾಟಿನ ಮೇಲೆ ಇಳಿಸಿದ. ಆಯ್ಕೆಯ ಪಟ್ಟಿಯಿಂದ ತನ್ನ ಹೆಸರು ತೆಗೆಸಿಬಿಡಿ ಎಂದು ವಸ್ತಾದರಿಗೆ ಹೇಳಿ ಮುಖ ತೊಳೆಯಲು ಹೋದ.

ಈಗ ನಾನು ಗರಡಿ ಮನೆಯ ಮೂಲೆಯಲ್ಲಿದ್ದೇನೆ. ಚರ್ಮ ಬಿರಿದಿದೆ, ಹೊಟ್ಟೆಯಲ್ಲಿ ಒಂದು ಇಲಿ ಸಂಸಾರ ಹೂಡಿದೆ. ಫಕೀರೇಶನೇ ಇಲ್ಲಿ ವಸ್ತಾದ. ಕಲಿಯುವವರಿಗೆ ಹೊಸ ರಬ್ಬರ್ ಗೊಂಬೆಗಳು ಬಂದಿವೆ, ನನ್ನನ್ನು ಗುಜರಿಗೆ ಹಾಕಲು ಅವನು ಬಿಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಅವನ ಕೈಯಿಂದ ಲಕ್ಷಾಂತರ ಸಲ ನೆಲಕ್ಕೆ ಬಿದ್ದಿದ್ದೇನೆ, ಒಮ್ಮೆಯೂ ನೋವಾಗಲಿಲ್ಲ. ಮೆಲ್ಲಗೆ ಇಳಿಸಿದ ಆ ಬೆಳಿಗ್ಗೆ ಮಾತ್ರ ನೋವಾಯಿತು.