ಮೂವರಲ್ಲಿ ಒಬ್ಬರು

ಈ ಕಥೆಯನ್ನು ಹೇಳಬಹುದೋ ಬಾರದೋ ಎಂಬ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಸತ್ತವನ ಮನೆಯವರ ಸಂಕಟ ಅವರಿಗೇ ಗೊತ್ತು, ಹೊರಗಿನವರು ಅದರಲ್ಲಿ ಬಾಯಿ ಹಾಕಬಾರದು ಎಂದು ಯಾರಾದರೂ ಹೇಳಿದರೆ ಎದುರು ಮಾತಿಲ್ಲ. ಹೇಳುವಾಗ ಒಂದು ಮಾತು ಹೆಚ್ಚೋ ಕಡಿಮೆಯೋ ಆದರೆ ಓದುವವರು ದಯವಿಟ್ಟು ಕ್ಷಮಿಸಬೇಕು. ಆದರೂ ಹೇಳಲು ಹೊರಟಿದ್ದು ಯಾಕೆಂದರೆ, ಇದರಲ್ಲಿ ಒಬ್ಬರು ಮಾಡಿದ ಉಪಕಾರವೊಂದಿದೆ. ಮಾಡಿದವರು ಅದನ್ನು ತಾವಾಗಿ ಹೇಳಿಕೊಳ್ಳುವ ಪೈಕಿ ಅಲ್ಲ.

ಆ ಮನೆಯವರದು ಗಾಜಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕಿಟಕಿ ಗಾಜು, ಕನ್ನಡಿ, ಬೀರುವಿನ ಬಾಗಿಲಿನ ಗಾಜು, ಎಲ್ಲವೂ ಗೋಡೆಗೆ ಒರಗಿ, ಒಂದಕ್ಕೊಂದು ತಾಗದಂತೆ ನಡುವೆ ಹಳೇ ಪೇಪರು ಇಟ್ಟುಕೊಂಡು ನಿಂತಿರುತ್ತಿದ್ದವು. ನಡುವೆ ಕಂಬಳಿ ಹಾಸಿದ ದೊಡ್ಡ ಮೇಜು. ಅಪ್ಪ ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿಗೆ ಆನಿಸಿ ಗೆರೆ ಎಳೆಯುವಾಗ ಬಂದ ಗಿರಾಕಿಯೂ ಉಸಿರು ಬಿಗಿ ಹಿಡಿಯಬೇಕು. ಒಂದೇ ಎಳೆತ. ಎಳೆದ ಗೆರೆಯ ಮೇಲೆ ಇನ್ನೊಂದು ಸಲ ಕಟರ್ ಆಡಿಸಿದರೆ ಗಾಜು ಹೇಗೆಂದರೆ ಹಾಗೆ ಒಡೆಯುತ್ತದೆ. ಇದನ್ನು ಅಪ್ಪ ಮಗಳಿಗೂ ಮಗನಿಗೂ ಬೈದು ಬೈದೇ ಕಲಿಸಿದ್ದ.

ಮಗಳು ಹಗಲು ಅಂಗಡಿಯಲ್ಲಿ ಕೂತು ಅಳತೆ ಬರೆದುಕೊಳ್ಳುವುದು, ಫೋನು ಎತ್ತುವುದು ಮಾಡುತ್ತಿದ್ದಳು. ಸಂಜೆ ಕಾಲೇಜಿಗೆ ಹೋಗುತ್ತಿದ್ದಳು. ಬೀಗ ಹಾಕಿದ ಮೇಲೂ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ಎಳೆದು ನೋಡುವ ಜಾತಿ ಅವಳದು. ಅಂಥವಳು ಒಮ್ಮೆ ಸಂಜೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ, ಯಾವ ತಪ್ಪಿಗೂ ಮರಣದಂಡನೆ ಕೂಡದು ಎಂದು ಎದ್ದು ನಿಂತು ಮಾತಾಡಿ, ಒಂದು ಗೋಡೆ ಗಡಿಯಾರ ಗೆದ್ದುಕೊಂಡು ಬಂದಳು. ಅಮ್ಮ ಅದನ್ನು ಅಡುಗೆಮನೆಯಲ್ಲಿ ಹಾಕಿಸಿದಳು. ಅವತ್ತಿನಿಂದ ಅವಳ ತಮ್ಮ ಅಕ್ಕನನ್ನು ಲಾಯರಮ್ಮ ಎಂದೇ ಕರೆಯತೊಡಗಿದ.

"ಲಾಯರಮ್ಮ, ನನ್ನ ಶಾಂಪೂ ಖಾಲಿ ಮಾಡಿದವರಿಗೆ ಏನು ಶಿಕ್ಷೆ?"

"ಎಚ್ಚರಿಕೆ ಕೊಟ್ಟು ಬಿಟ್ಟುಬಿಡೋದು."

"ನೋಡಮ್ಮ! ಕಳ್ಳಿ ತಾನೇ, ಜಡ್ಜೂ ತಾನೇ!"

ದೊಡ್ಡ ಗಾಜು ಹೊರಲು ಇಬ್ಬರು ಬೇಕು. ಒಂದು ತುದಿ ತಮ್ಮ ಹಿಡಿಯುತ್ತಿದ್ದ. ಇನ್ನೊಂದು ತುದಿ ಹಿಡಿಯುತ್ತಿದ್ದವನು ವ್ಯಾನು ಓಡಿಸುವ ಕೆಲಸದವನು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವಷ್ಟು ಉದ್ದ, ಅದಕ್ಕೆ ಎಲ್ಲರಿಗೂ ಉದ್ದಣ್ಣ. ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಅಪ್ಪನಿಗೆ ಎದೆನೋವು ಬಂದ ದಿನ, ಆಂಬುಲೆನ್ಸಿನವರ ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ತಿರುಗದೆ ಸಿಕ್ಕಿಕೊಂಡಾಗ, ಉದ್ದಣ್ಣ ಅಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡು ಕೆಳಗೆ ಇಳಿಸಿದ. ಇನ್ನೊಂಚೂರು ತಡವಾಗಿದ್ದರೆ ನಮ್ಮ ಕೈಲಿ ಏನೂ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದರು.

ಆ ಉದ್ದಣ್ಣನೇ ತಮ್ಮನನ್ನು ಕೊಂದ. ಅಂಗಡಿಗೆ ರಜೆ ಇದ್ದ ಮಧ್ಯಾಹ್ನ ಕದಿಯಲು ಒಳಗೆ ಬಂದಿದ್ದಾನೆ, ತಮ್ಮ ಯಾವುದಕ್ಕೋ ಕೆಳಗೆ ಇಳಿದು ನೋಡಿಬಿಟ್ಟಿದ್ದಾನೆ. ಇಷ್ಟೇ ಆಗಿದ್ದರೆ ನ್ಯಾಯಾಲಯ ಗಲ್ಲಿನ ತನಕ ಹೋಗುತ್ತಿತ್ತೋ ಇಲ್ಲವೋ. ಅವನು ಹೆಣವನ್ನು ವ್ಯಾನಿನಲ್ಲಿ ಒಯ್ದು ಊರಾಚೆ ಹೂತು ಬಂದು, ಮರುದಿನದಿಂದ ಮನೆಯವರ ಜೊತೆಗೇ ತಮ್ಮನನ್ನು ಹುಡುಕಲು ಓಡಾಡಿದ. ಆಸ್ಪತ್ರೆಗಳಿಗೆ ವ್ಯಾನಿನಲ್ಲಿ ಅವನೇ ಕರೆದುಕೊಂಡು ಹೋದ. ಏನೂ ತಿನ್ನದೆ ಕೂತಿದ್ದ ಅಮ್ಮನಿಗೆ ಕಿತ್ತಳೆ ಸುಲಿದು, ಒಂದೊಂದೇ ತೊಳೆ ಬಿಡಿಸಿ ಕೈಗೆ ಕೊಟ್ಟು, "ಸಿಗ್ತಾನೆ ಬಿಡಿ ಅಮ್ಮ, ಎಲ್ಲಿಗೆ ಹೋಗ್ತಾನೆ" ಎಂದ. ಅಮ್ಮ ಅದನ್ನು ತಿಂದಳು.

ಸಿಕ್ಕಿಬಿದ್ದ, ಒಪ್ಪಿಕೊಂಡ, ಗಲ್ಲು ಶಿಕ್ಷೆ ಆಯಿತು. ಅವತ್ತು ಅಪ್ಪ ಬೀದಿಗೆ ಕೇಳುವಂತೆ ಕೂಗಿದ, "ಹಗ್ಗ ನನ್ನ ಕೈಗೆ ಕೊಡ್ರೋ!" ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಮಗಳಿಗೂ ಸಮಾಧಾನವೇ ಆಯಿತು. ಅನ್ನ ಬಡಿಸಿಕೊಳ್ಳುವಾಗ ಕಣ್ಣು ಗಡಿಯಾರದ ಮೇಲೆ ಹೋಯಿತು ನೋಡಿ, ಬಡಿಸಿಕೊಂಡಿದ್ದನ್ನು ಮತ್ತೆ ಪಾತ್ರೆಗೆ ಹಾಕಿದಳು.

ಅಲ್ಲಿನ ಕಾನೂನಿನಲ್ಲಿ ಒಂದು ಪದ್ಧತಿ ಇತ್ತು. ಗಲ್ಲು ಜಾರಿಯಾಗುವ ಮೊದಲು ಸತ್ತವನ ಹತ್ತಿರದವರನ್ನು ನ್ಯಾಯಾಧೀಶರು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ಕೇಳಬೇಕು. ಒಬ್ಬರು ಬೇಡ ಎಂದರೂ ಸಾಕು, ಗಲ್ಲು ಹೋಗಿ ಜೀವ ಇರುವ ತನಕ ಜೈಲು. ಯಾರು ಏನು ಹೇಳಿದರು ಎಂಬುದು ಆ ಕೋಣೆ ದಾಟುವುದಿಲ್ಲ. ಹೇಳಿದ್ದನ್ನು ಆಮೇಲೆ ಬದಲಿಸಲೂ ಆಗುವುದಿಲ್ಲ.

ಮಗಳು ತನ್ನ ಮಾತನ್ನು ತಯಾರು ಮಾಡಿಕೊಂಡಿದ್ದಳು. ಅವನ ಮೇಲೆ ಕನಿಕರದಿಂದಲ್ಲ. ಯಾವ ತಪ್ಪಿಗೂ ಕೂಡದು ಎಂದು ನೂರು ಜನರೆದುರು ಎದೆ ತಟ್ಟಿಕೊಂಡು ಹೇಳಿದವಳು, ತನ್ನ ಮನೆಗೇ ಬಂದಾಗ ಬೇರೆ ಮಾತಾಡಿದರೆ ಆವತ್ತು ಆಡಿದ್ದೆಲ್ಲ ಬರೀ ನಾಟಕ ಆಗುತ್ತಲ್ಲ ಎಂಬ ಭಯ. ಜೊತೆಗೆ ಇನ್ನೊಂದು ಭಯವೂ ಇತ್ತು: ಬೇಡ ಎಂದದ್ದು ತಾನೇ ಎಂದು ಗೊತ್ತಾದರೆ ಅಪ್ಪ ತನ್ನ ಮುಖ ನೋಡುತ್ತಾನೆಯೇ? ಕನ್ನಡಿ ಒರೆಸುವಾಗಲೂ ಅವಳು ತುಟಿಯಾಡಿಸುತ್ತಿದ್ದಳು. "ಬೇಡ ಸಾರ್. ಕೊಲ್ಲಬೇಡಿ."

ಹೋಗುವ ದಿನ ಪಕ್ಕದ ಅಂಗಡಿಯ ಟೈಲರ್ ಮಾವ ಇವರ ಅಂಗಡಿ ನೋಡಿಕೊಳ್ಳಲು ಬಂದು ಕೂತ. ಪ್ರತಿ ವಿಚಾರಣೆಗೂ ಹೀಗೆ ಬಂದು ಕೂತವನೇ.

"ನಿಶ್ಚಿಂತೆಯಿಂದ ಹೋಗಿಬನ್ನಿ. ಗಿರಾಕಿ ಬಂದರೆ ಗಾಜಿಗೂ ಎರಡು ಇಂಚು ಜಾಸ್ತಿ ಬಿಟ್ಟು ಕತ್ತರಿಸ್ತೀನಿ, ಮುಂದೆ ದಪ್ಪ ಆದರೆ ಬಿಚ್ಚಿ ಹೊಲೀಬಹುದು."

ಅಪ್ಪ ನಗಲಿಲ್ಲ, ಆದರೆ ಅವನ ಭುಜ ಮುಟ್ಟಿ ಹೋದ.

ಕೋಣೆಯ ಹೊರಗಿನ ಬೆಂಚಿನಲ್ಲಿ ಮೂವರೂ ಕೂತರು. ಮೊದಲು ಅಪ್ಪ ಹೋದ. ಬೇಗನೇ ಬಂದ. ಕನ್ನಡಕ ಒರೆಸುತ್ತ ಹೇಳಿದ, "ಕಿಟಕಿ ಗಾಜು ಬಿರುಕು ಬಿಟ್ಟಿದೆ. ಟೇಪ್ ಅಂಟಿಸಿದಾರೆ, ಕರ್ಮ."

ಅಮ್ಮ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳು, "ನೀರು ಕೊಟ್ರು, ಪಾಪ. ಒಳ್ಳೇ ಜನ" ಎಂದಳು. ಆಮೇಲೆ, "ಹೌದುರೀ, ಟೇಪೂ ಕಿತ್ತು ಬರ್ತಿದೆ" ಎಂದಳು.

ಮಗಳು ಎದ್ದಳು. ಒಳಗೆ ವಯಸ್ಸಾದ ನ್ಯಾಯಾಧೀಶರು. ಗಂಟಲು ಕಟ್ಟಿತ್ತೇನೋ, ಮಫ್ಲರ್ ಸುತ್ತಿಕೊಂಡಿದ್ದರು. "ಅವಸರ ಇಲ್ಲಮ್ಮ. ನಿಮ್ಮ ಮನಸ್ಸಲ್ಲಿ ಇರೋದನ್ನ ಹೇಳಿ ಸಾಕು. ಸರಿ ಉತ್ತರ ಅಂತ ಇಲ್ಲಿ ಏನೂ ಇಲ್ಲ" ಎಂದರು.

ಅವಳು ಕಿಟಕಿ ನೋಡಿದಳು. ಗಾಜಿನ ಮೂಲೆಯಿಂದ ಮೂಲೆಗೆ ಟೇಪು, ಅಂಚಿನಲ್ಲಿ ಬಿಸಿಲಿಗೆ ಹಳದಿ ತಿರುಗಿತ್ತು. ಹಳದಿ ನೋಡಿದ್ದೇ ಕಿತ್ತಳೆ ಸಿಪ್ಪೆ ನೆನಪಾಯಿತು. ಉದ್ದಣ್ಣನ ಉದ್ದ ಬೆರಳು ನಾರು ತೆಗೆದು ತೆಗೆದು ಅಮ್ಮನ ಅಂಗೈಗೆ ತೊಳೆ ಇಡುತ್ತಿದ್ದದ್ದು, ಆ ಬೆರಳಿನ ಉಗುರುಸಂದಿನಲ್ಲಿ ಮಣ್ಣು ಇದ್ದದ್ದು. ಮಣ್ಣನ್ನು ಅವತ್ತೂ ನೋಡಿದ್ದಳು. ಪಾಪ, ನಮ್ಮ ಸಲುವಾಗಿ ಎಲ್ಲೆಲ್ಲಿ ಅಲೆದಿದ್ದಾನೋ ಎಂದುಕೊಂಡಿದ್ದಳು.

"ಗಲ್ಲಿಗೆ ಹಾಕಿ," ಎಂದಳು.

ತನ್ನ ದನಿ ತನಗೇ ಕೇಳಿಸಿತು. ಗಟ್ಟಿಯಾಗಿತ್ತು, ನಡುಗಿರಲಿಲ್ಲ. ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಳೂ ಕಿಟಕಿ ಗಾಜಿನ ಮಾತನ್ನೇ ಆಡಿದಳು. "ಹದಿನಾಲ್ಕು ಇಂಚು ಇರಬಹುದಾ ಅಪ್ಪ?" "ಹದಿನೈದು," ಎಂದ ಅಪ್ಪ.

ಆಮೇಲೆ ಅವಳು ಕಳೆದ ದಿನಗಳು ಯಾರಿಗೂ ಬೇಡ. ಒಂದು ಗಳಿಗೆ, ಸರಿಯಾಗಿಯೇ ಹೇಳಿದೆ, ತಮ್ಮ ನನ್ನವನು, ಚರ್ಚಾಸ್ಪರ್ಧೆಯವರವನಲ್ಲ ಎಂದು ಎನಿಸುತ್ತಿತ್ತು. ಮರುಗಳಿಗೆ ಉದ್ದಣ್ಣನ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು, ಅದರ ಮೇಲೆ ಅಪ್ಪನ ತಲೆ ವಾಲಿಕೊಂಡಿದ್ದದ್ದು. ಬೀಗವಾದರೆ ಮತ್ತೆ ಹೋಗಿ ಎಳೆದು ನೋಡಬಹುದಿತ್ತು. ಮೂವರೂ ಹಾಕಿ ಎಂದಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ. ಅಪ್ಪ ಹಗ್ಗ ಕೇಳಿದವನು, ಅಮ್ಮ ದೀಪ ಹಚ್ಚಿದವಳು. ಇನ್ನೊಂದು ಮಾತಾಡಬಹುದಾಗಿದ್ದವಳು ತಾನೊಬ್ಬಳೇ. ಗಡಿಯಾರವನ್ನು ಇಳಿಸಿಬಿಡೋಣ ಎಂದು ಸ್ಟೂಲು ಹತ್ತಿದಳು. "ಅದನ್ನ ಮುಟ್ಟಬೇಡ, ನಿನ್ನ ತಮ್ಮ ಅದಕ್ಕೆ ಶೆಲ್ ಹಾಕ್ತಿದ್ದ" ಎಂದಳು ಅಮ್ಮ. ಅವಳು ಇಳಿದಳು.

ತೀರ್ಪಿನ ದಿನ ಮೂವರೂ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಗುಮಾಸ್ತರು ಒಂದೇ ರಾಗದಲ್ಲಿ ಓದಿದರು: ಮೃತನ ಕುಟುಂಬದವರಲ್ಲಿ ಒಮ್ಮತ ಇಲ್ಲದ ಕಾರಣ ಮರಣದಂಡನೆಯನ್ನು ಜೀವಾವಧಿ ಶಿಕ್ಷೆಯಾಗಿ ಬದಲಿಸಲಾಗಿದೆ.

ಮಗಳಿಗೆ ಮೊದಲು ಬಂದದ್ದು ಸಿಟ್ಟು. ಇದನ್ನು ಮುಚ್ಚಿಡಬಾರದು. ಯಾರು? ಯಾರಿಗೆ ಮನಸ್ಸು ಬಂತು? ಹಲ್ಲು ಕಚ್ಚಿಕೊಂಡಳು. ಆಮೇಲೆ ಗೋಡೆ ಹಿಡಿದು ನಿಂತಳು, ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ತನ್ನ ಕೈಯಿಂದ ಜಾರಿದ್ದನ್ನು ಯಾರೋ ಕೆಳಗೆ ಬೀಳುವ ಮೊದಲು ಹಿಡಿದಿದ್ದರು. ಅವಳು ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಅಮ್ಮನನ್ನು ನೋಡಿದಳು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಬಸ್ಸು ತಪ್ಪತ್ತೆ, ನಡೀರಿ" ಎಂದಳು.

ಕೆಲವು ದಿನ ಕಳೆದ ಮೇಲೆ ಟೈಲರ್ ಮಾವ ತನ್ನ ಅಂಗಡಿಗೆ ಆಳೆತ್ತರದ ಕನ್ನಡಿ ಬೇಕೆಂದ. ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಅಪ್ಪ ಹಟ ಹಿಡಿದ, ಹಾಗಾದರೆ ಕನ್ನಡಿಯೇ ಬೇಡ ಎಂದು ಅವನೂ ಹಟ ಹಿಡಿದ. ಕೊನೆಗೆ ಅಪ್ಪನಿಗೆ ಒಂದು ಕೋಟು ಹೊಲಿದುಕೊಡುವುದೆಂದು ಒಪ್ಪಂದವಾಯಿತು. ಕನ್ನಡಿಯನ್ನು ಹೊತ್ತು ಒಯ್ಯಬೇಕು. ತಮ್ಮ ಹೋದ ಮೇಲೆ ಅಪ್ಪ ಇನ್ನೊಂದು ತುದಿಯನ್ನು ಯಾರಿಗೂ ಹಿಡಿಯಲು ಕೊಟ್ಟಿರಲಿಲ್ಲ. ದೊಡ್ಡ ಗಾಜಿನ ಕೆಲಸವನ್ನೇ ಬಿಟ್ಟಿದ್ದ.

"ಲಾಯರಮ್ಮ," ಎಂದ ಅಪ್ಪ. ಆ ಹೆಸರು ಅಪ್ಪನ ಬಾಯಲ್ಲಿ ಅದೇ ಮೊದಲು. "ಬಾ, ಆ ತುದಿ ಹಿಡಿ."

ಅವಳು ಕೈಗವಸು ಹಾಕಿಕೊಂಡು ಹಿಡಿದಳು. ಬೀದಿಗೆ ಇಳಿದರು. ಅಪ್ಪ ಮುಂದೆ, ಅವಳು ಹಿಂದೆ, ನಡುವೆ ಕನ್ನಡಿಯಲ್ಲಿ ಆಕಾಶ ಅಲ್ಲಾಡುತ್ತಿತ್ತು. ಅಪ್ಪ ತಿರುಗದೆಯೇ ಮಾತು ತೆಗೆದ.

"ನಿನಗೆ ಕೈ ಮುಗೀಬೇಕು ಕಣೆ. ಈಗ ಕೈ ಖಾಲಿ ಇಲ್ಲ."

"ಯಾಕಪ್ಪ?"

"ನಾನು ಬಾಯಿ ಬಡ್ಕೊಂಡು ಊರಿಗೆಲ್ಲ ಹೇಳಿದೋನು. ಮಾತು ಹಿಂದಕ್ಕೆ ತಗೊಳ್ಳೋಕೆ ಆಗ್ಲಿಲ್ಲ. ಒಳಗೂ ಅದನ್ನೇ ಹೇಳ್ದೆ. ನೀನು ಇದ್ದೆಯಲ್ಲ, ಸದ್ಯ. ಅವನ ಬೆನ್ನ ಮೇಲೆ ಬದುಕಿ ಬಂದೋನು ನಾನು, ಅವನ್ನ…"

"ಅಪ್ಪ, ನಾನು ಹೇಳಿದ್ದು—"

"ಮೆಟ್ಟಿಲು, ಮೆಟ್ಟಿಲು! ಕಾಲು ನೋಡು." ದಾಟಿದ ಮೇಲೆ ಮೆತ್ತಗೆ, "ಎಳೆದ ಗೆರೆ ಮೇಲೆ ಇನ್ನೊಂದು ಸಲ ಎಳೀಬಾರದು. ಬಿಡು," ಎಂದ.

ಟೈಲರ್ ಮಾವ ಬಾಗಿಲಲ್ಲೇ ನಿಂತು, "ಹುಷಾರು! ನನ್ನ ಮುಖ ಅದರಲ್ಲಿ ಬಂದರೆ ಒಡೆದುಹೋದೀತು" ಎಂದ. ಅಪ್ಪ ನಕ್ಕ. ಎಷ್ಟೋ ಕಾಲದ ಮೇಲೆ ನಕ್ಕಿದ್ದಕ್ಕೋ ಏನೋ, ಕೆಮ್ಮು ಬಂತು.

ಹಾಗಾದರೆ ಅಮ್ಮ. ಅಮ್ಮನೇ. ಮಗಳು ಮೆಟ್ಟಿಲು ಹತ್ತಿ ಅಡುಗೆಮನೆಗೆ ಓಡಿದಳು. ಪಾತ್ರೆ ತೊಳೆಯುತ್ತಿದ್ದ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು.

"ಏನೇ ಇದು, ಸೀರೆಯೆಲ್ಲ ಒದ್ದೆ ಆಗತ್ತೆ!"

"ಅಮ್ಮ, ನೀನು ಮಾಡಿದ್ದಕ್ಕೆ…"

"ನಾನೇನು ಮಾಡ್ದೆ? ಮಾಡಿದ್ದೆಲ್ಲ ನಿಮ್ಮಪ್ಪ. ಬಾಯಿ ಜೋರು, ಅಷ್ಟೇ, ಮನಸ್ಸು ಬೆಣ್ಣೆ. ನನ್ನ ಕೈಲಿ ಆಗ್ಲಿಲ್ಲ ಕಣೆ. ಅಷ್ಟು ಹೊತ್ತು ಕೂತೆ, ಆ ತೊಳೆಯ ರುಚಿ ನಾಲಿಗೆ ಮೇಲೆ ಬಂತು. ಅವರು ಧೈರ್ಯ ಮಾಡಿದರು. ಅವರಿಗೆ ಹೇಳಬೇಡ, ನಾಚಿಕೊಳ್ತಾರೆ."

"ಅಮ್ಮ, ನಾನೂ ಒಳಗೆ—"

"ನಾನು ಕೇಳಿದ್ನಾ?" ಅಮ್ಮ ನಲ್ಲಿ ಜೋರಾಗಿ ತಿರುಗಿಸಿದಳು. "ಆ ತಟ್ಟೆ ಒರೆಸಿ ಇಡು."

ಮಗಳು ಬಟ್ಟೆ ತೆಗೆದುಕೊಂಡಳು. ಒಂದೊಂದೇ ತಟ್ಟೆಯನ್ನು, ಅಂಗಡಿಯಲ್ಲಿ ಕನ್ನಡಿ ಒರೆಸುವ ಹಾಗೆ, ಬೆಳಕಿಗೆ ಹಿಡಿದು ಒರೆಸಿದಳು. ಇಬ್ಬರಲ್ಲಿ ಒಬ್ಬರು ತನಗೆ ಸುಳ್ಳು ಹೇಳಿದ್ದಾರೆ. ಅದು ಯಾರೇ ಆಗಲಿ, ಹೊಗಳಿಕೆಯನ್ನು ಇನ್ನೊಬ್ಬರ ಮಡಿಲಿಗೆ ಹಾಕಿ ಸುಮ್ಮನಾಗಿದ್ದಾರೆ. ಸಾಯಂಕಾಲ ಅವಳು ಅಪ್ಪನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದಳು, ಅಮ್ಮನದಕ್ಕೂ ಹಾಕಿದಳು. "ಏನೇ, ಪಾಯಸ ಮಾಡಿದ್ದೀಯ?" ಎಂದು ಇಬ್ಬರೂ ಬೈದರು. ಬೈದುಕೊಂಡೇ ಕುಡಿದರು.

ಈಗ ಅಪ್ಪನ ಎದುರು ಅವಳೇ ತುದಿ ಹಿಡಿಯುತ್ತಾಳೆ. ಗಡಿಯಾರಕ್ಕೆ ಶೆಲ್ಲನ್ನೂ ಅವಳೇ ಹಾಕುತ್ತಾಳೆ. ತಮ್ಮನ ನೆನಪಾದಾಗ ಇವತ್ತಿಗೂ ಉದ್ದಣ್ಣ ಬದುಕಿರುವುದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತದೆ. ಆದರೂ ಮನೆಯ ಮೂವರಲ್ಲಿ ಯಾರ ಕೈಯಿಂದಲೂ ಅವನು ಸಾಯಲಿಲ್ಲವಲ್ಲ ಎಂದು ನೆನೆದಾಗ, ಯಾರೆಂದು ಗೊತ್ತಿಲ್ಲದ ಆ ಒಬ್ಬರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ.

ಬೇಡ ಎಂದದ್ದು ಅಪ್ಪನೋ ಅಮ್ಮನೋ, ಅವಳಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಆ ಕೋಣೆಗೆ ಕರೆದರೆ ತಾನು ಏನು ಹೇಳಿಯೇನು ಎಂಬುದೂ ಅವಳಿಗೆ ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.