ಕೆಂಪು ದಾರದ ಅಳತೆ

ಕೆಂಪು ದಾರದ ತುದಿಯನ್ನು ನಕ್ಷೆಯಲ್ಲಿ ತಮ್ಮ ಊರಿನ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಳಿದದ್ದನ್ನು ರಸ್ತೆಯ ತಿರುವುಗಳಿಗೆ ತಕ್ಕಂತೆ ಅವಳು ಬಾಗಿಸುತ್ತಾ ಹೋದಳು. ಒಂದು ಟ್ಯಾಂಕ್ ಡೀಸೆಲ್‌ನಲ್ಲಿ ಗಾಡಿ ಓಡುವಷ್ಟೇ ದಾರದ ಉದ್ದ, ಅದು ಮುಗಿಯುವುದರೊಳಗೆ ಬಂಕ್ ಸಿಗಬೇಕು. ಕೆಂಪು ದಾರ ಗಿಡ್ಡ, ಟ್ರೇಲರ್‌ನಲ್ಲಿ ಕುದುರೆ ಇದ್ದಾಗಿನ ಅಳತೆ. ಪಕ್ಕದಲ್ಲಿದ್ದ ಬಿಳಿಯದು ಉದ್ದ, ಖಾಲಿ ಟ್ರೇಲರ್‌ನದು. ಬಂಕ್ ಕೂಡ ಯಾವುದೋ ಒಂದಾದರೆ ಸಾಲದು. ಅಷ್ಟುದ್ದದ ಗಾಡಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವಂತಿರಬೇಕು, ನಿಂತಷ್ಟು ಹೊತ್ತು ಕುದುರೆಗೆ ನೆರಳು ಸಿಗಬೇಕು. ಕುದುರೆ ಸಾಗಿಸುವ ಆ ಗಾಡಿ ಓಡಿಸುವವನು ಗಂಡ, ಲೆಕ್ಕ ಇವಳದು. ಅವನ ಪಕ್ಕದ ಸೀಟಿನಲ್ಲಿ ಕೂತು ವರ್ಷಗಟ್ಟಲೆ ತಿರುಗಿದಾಗ ತಾನೇ ಕಂಡುಕೊಂಡ ವಿದ್ಯೆ ಅದು. ಅತ್ತೆ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವರನ್ನು ನೋಡಿಕೊಳ್ಳಲು ಆ ಸೀಟು ಬಿಟ್ಟಿದ್ದಳು.

ಈಗ ಅಲ್ಲಿ ಕೂರುವವಳು ಮೇಜಿನ ಆಚೆ ಚಹಾ ಕುಡಿಯುತ್ತಿದ್ದಳು. ಕುದುರೆ ಪಳಗಿಸುವ ಹುಡುಗಿ. ಈಗ ಸಾಗಿಸುತ್ತಿರುವ ಹೆಣ್ಣು ಕುದುರೆ ಬೆದರುವ ಜಾತಿಯದು, ಜೊತೆಗೆ ಈ ಹುಡುಗಿ ಹೋಗಲೇಬೇಕೆಂದು ಕುದುರೆಯ ಮಾಲೀಕರ ಅಪ್ಪಣೆ. ಹಿಂದಿನ ವಾರವೂ ಹೋಗಿಬಂದಿದ್ದಳು.

"ಅಕ್ಕಾ, ಘಟ್ಟದ ಬುಡದಲ್ಲಿ ಮರದ ಬಂಕ್ ಅಂತ ಇದೆಯಂತಲ್ಲ, ಅಲ್ಲಿ ನಿಲ್ಲಿಸ್ತೀರಾ ನಮ್ಮನ್ನ?"

ದಾರ ಕೈಯಲ್ಲೇ ನಿಂತಿತು. "ಯಾರು ಹೇಳಿದ್ದು?"

"ಇವರೇ. ದೊಡ್ಡ ಮರ, ತಣ್ಣನೆ ನೀರು, ಕೂರೋಕೆ ಕಲ್ಲುಬೆಂಚು. ಕೇಳ್ತಾ ಕೇಳ್ತಾ ನನಗೆ ನಿದ್ದೆನೇ ಬಂತು."

ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ ಗಂಡ ನಕ್ಕ. "ಇನ್ನೇನು ಮಾಡ್ಲಿ, ಇವಳು ದಾರಿಯುದ್ದಕ್ಕೂ ಕುದುರೆ ಜೊತೇನೇ ಮಾತಾಡ್ತಾಳೆ. ಮಧ್ಯೆ ನಾನೂ ಒಂದು ಮಾತು ತೂರಿಸಬೇಕಲ್ಲ."

ಇವಳು. ನಾಲ್ಕು ಜನರೆದುರು ಅವನು ಹೆಂಡತಿಯನ್ನು ಕರೆಯುತ್ತಿದ್ದುದೇ ಹಾಗೆ. ಮನೆಯಲ್ಲಿ 'ಊಟ ಆಯ್ತಾ' ಎನ್ನುವುದಕ್ಕಿಂತ ಹೆಚ್ಚು ಬಾಯಿಬಿಡದವನು ಬೇರೆಯವಳ ಮುಂದೆ ಮರ, ನೀರು, ಬೆಂಚು ಎಲ್ಲವನ್ನೂ ಬಿಡಿಸಿಟ್ಟಿದ್ದಾನೆ. ಆ ಬಂಕ್ ಹುಡುಕಿದ್ದು ಯಾರು ಎಂದು ಮಾತ್ರ ಹೇಳಿರಲಾರ. ಆ ಬೆಂಚಿನ ಮೇಲೆ ಅವನ ಭುಜಕ್ಕೆ ತಲೆ ಆನಿಸಿ ಒಂದು ಸಣ್ಣ ನಿದ್ದೆ ತೆಗೆದವಳು ಯಾರು ಎಂದೂ.

ಅವಳು ಕೆಂಪು ದಾರ ಬಿಟ್ಟು ಬಿಳಿಯದನ್ನು ಎತ್ತಿಕೊಂಡಳು. ಅದು ಮರದ ಬಂಕ್ ದಾಟಿ, ಏರು ಹತ್ತಿ, ಕೆಂಪು ದಾರ ಮುಟ್ಟಲಾರದ ಘಟ್ಟದ ನೆತ್ತಿಯ ಬಂಕ್ ತನಕ ಸಲೀಸಾಗಿ ಹೋಯಿತು.

"ಇಲ್ಲಿ ಹಾಕಿಸ್ಕೊಳ್ಳಿ. ಕೆಳಗಿನದ್ರಲ್ಲಿ ಈಗ ನೀರು ಬರಲ್ಲ."

ಗಂಡ ದಾರದ ಬಣ್ಣ ನೋಡಲಿಲ್ಲ. "ನೀನು ಹೇಳಿದ ಮೇಲೆ ಮುಗೀತು" ಎಂದು ಎದ್ದ.

ಒಳಕೋಣೆಯಿಂದ ಅತ್ತೆ ಕೂಗಿದರು. "ಏನಮ್ಮಾ, ದಾರ ಹಾಕಿ ಗಂಡನ್ನ ಕಟ್ಟಿಹಾಕ್ತಿದ್ದೀಯೇನು?"

ಹುಡುಗಿಗೆ ನಗು ತಡೆಯಲಾಗಲಿಲ್ಲ.

ಅವರು ಹೊರಟ ಮೇಲೆ ಲೋಟ ತೊಳೆಯುತ್ತಾ ನಿಂತವಳಿಗೆ ಘಟ್ಟದ ಏರು ಕಣ್ಣಿಗೆ ಕಟ್ಟಿತು. ನಡು ಏರಿನಲ್ಲಿ ಡೀಸೆಲ್ ಮುಗಿದು ಗಾಡಿ ನಿಂತಿದೆ, ಹಿಂದೆ ಲಾರಿಗಳ ಹಾರ್ನು, ಹುಡುಗಿಯ ಮುಖದಲ್ಲಿ ರಕ್ತವಿಲ್ಲ. ಆ ಮುಖವನ್ನು ಅವಳು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆದರೆ ಹುಡುಗಿ ಹೆದರಿ ನಿಲ್ಲಲಿಲ್ಲ. ಟ್ರೇಲರ್ ಒಳಗೆ ಹೊಕ್ಕು ಕುದುರೆಯ ಕತ್ತು ತಬ್ಬಿಕೊಂಡಳು, ಗಂಡ 'ಬಿಡಬೇಡ, ನಾನಿದ್ದೀನಿ' ಎನ್ನುತ್ತಿದ್ದ. ತಾನೇ ಮನಸ್ಸಿನಲ್ಲಿ ಕಟ್ಟಿದ ಕೇಡಿನಲ್ಲೂ ಅವರಿಬ್ಬರೇ ಜೊತೆಗಿದ್ದರು. ವಾಲಿ ನಿಂತ ಟ್ರೇಲರ್‌ನಲ್ಲಿ ಕಾಲು ನಿಲ್ಲದೆ ಗೋಡೆಗೆ ಒದೆಯುತ್ತಿದ್ದ ಕುದುರೆ ಆಮೇಲೆ ಕಾಣಿಸಿತು.

ಒದ್ದೆ ಕೈಯಲ್ಲೇ ಗಂಡನಿಗೆ ಫೋನ್ ಮಾಡಿದಳು. ಎತ್ತಿದ್ದು ಹುಡುಗಿ. "ಹೇಳಿ ಅಕ್ಕಾ, ಅವರು ಓಡಿಸ್ತಿದ್ದಾರೆ."

ಮೊದಲೆಲ್ಲ ಅವನ ಫೋನ್ ಎತ್ತಿ ಹಾಗೆ ಹೇಳುತ್ತಿದ್ದವಳು ತಾನು. "ಘಟ್ಟ ಹತ್ತೋ ಮೊದಲೇ ಟ್ಯಾಂಕ್ ತುಂಬಿಸೋಕೆ ಹೇಳು. ಆ ಮರದ ಬಂಕ್‌ನಲ್ಲೇ. ನನ್ನ ಅಳತೆ ತಪ್ಪಿತ್ತು."

"ನೀರಿಲ್ಲ ಅಂದ್ರಲ್ಲ?"

"ಹಿಂದುಗಡೆ ನಲ್ಲಿ ಇದೆ. ಕುದುರೆಗೆ ಕುಡಿಸು."

ಆಚೆ ಹುಡುಗಿ ಸುದ್ದಿ ಮುಟ್ಟಿಸುವುದು, ಗಂಡ 'ಇವಳ ಅಳತೆ ತಪ್ಪೋದೂ ಉಂಟಾ' ಎನ್ನುವುದು ಕೇಳಿಸಿತು. ಈ ಸಲದ 'ಇವಳು' ತಾನೇ. ಅದರಿಂದ ಉರಿ ಆರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವರು ಆ ಬೆಂಚಿನ ಮೇಲೆ ಕೂತಿರುತ್ತಾರೆ, ಕಳಿಸಿದವಳು ತಾನೇ.

ಅತ್ತೆ ಅಡುಗೆಮನೆಗೆ ಬಂದರು. ಗೋಡೆ ಹಿಡಿಯಲಿಲ್ಲ. ಮೇಲಿನ ಹಲಗೆಯಿಂದ ಲೋಟ ಇಳಿಸಿ ನೀರು ಬಗ್ಗಿಸಿ ಕುಡಿದರು. ಹೀಗೆ ನಡೆದಾಡತೊಡಗಿ ಎಷ್ಟು ಕಾಲವಾಯಿತು? ಮೂಳೆ ಕೂಡಿದ ಮೇಲೂ ಮನೆಯಲ್ಲೇ ಇರು ಎಂದು ತನಗೆ ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ. ಕರೆಯಲೆಂದು ಕಾದಿದ್ದು ತಾನೇ.

"ಏನೇ, ನನ್ನನ್ನ ಹಾಗೆ ಅಳೀತಿದ್ದೀಯ?"

"ಏನಿಲ್ಲ ಅತ್ತೆ."

ಮುಂದಿನ ಸಲ ಕುದುರೆ ಹತ್ತಿಸುವಾಗ, ಯಾರೂ ಕರೆಯದಿದ್ದರೂ, ತಾನೇ ಮೊದಲು ಹೋಗಿ ಮುಂದಿನ ಸೀಟಿನಲ್ಲಿ ಕೂತುಬಿಡುವುದು. ಹುಡುಗಿ ಹಿಂದಿನ ಸೀಟಿನಲ್ಲಿ ಕೂರಲಿ, ಅಲ್ಲೇ ಕುದುರೆಗೆ ಹತ್ತಿರ. ಅವಳು ಕೈ ಒರೆಸಿಕೊಂಡು ಅತ್ತೆಯ ಲೋಟವನ್ನೂ ತೊಳೆಯಲು ತೆಗೆದುಕೊಂಡಳು.