ಗುಳ್ಳೆಗಳಿಗೆ ಅಡಿಟಿಪ್ಪಣಿ

“ಎಸ್ಸೆಸ್ಸೆಲ್ಸಿ ದಾಟದೋನಿಗೆ ಇಟಲಿಯ ನರಕದ ತನಕ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ ಯಾರಯ್ಯಾ?”

ಇಂಗ್ಲಿಷ್ ಮೇಷ್ಟ್ರು ಏಕಾಂತಯ್ಯ ಹೀಗೆ ಕೇಳಿದ್ದೇ ಇಡೀ ಹಾಲ್ ನಕ್ಕಿತು. ರಾಜಾಜಿನಗರದ ಅವರ ಮನೆಯಲ್ಲಿ ಭಾನುವಾರದ ಕಾವ್ಯಗೋಷ್ಠಿ. ನಾನು ಆಗಷ್ಟೇ ನನ್ನ ಪದ್ಯ ಓದಿ ಮುಗಿಸಿದ್ದೆ. ಇದಕ್ಕೆಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

“ಕದ್ದಿದ್ದಾನೆ ಕಣ್ರೀ,” ಎಂದು ಅವರು ಸಾಹಿತ್ಯ ಪತ್ರಿಕೆಯೊಂದರ ಸಂಪಾದಕ ಶ್ಯಾಮಸುಂದರನ ಕಡೆ ತಿರುಗಿದರು. “ಕಪ್ಪು ಕೆಸರು, ಅದರಡಿ ಮುಳುಗಿದ ಮನುಷ್ಯ, ಅವನ ಉಸಿರು ಮೇಲೆ ಗುಳ್ಳೆಯಾಗಿ ಏಳೋದು. ಇಟಲಿಯ ಮಹಾಕವಿ ತನ್ನ ನರಕದ ಕಾವ್ಯದಲ್ಲಿ ಆರುನೂರು ಚಿಲ್ಲರೆ ವರ್ಷದ ಹಿಂದೇನೇ ಬರೆದಿಟ್ಟಿದಾನೆ.”

ನಾನು ಯಾವ ಇಟಲಿಯನ್ನೂ ಓದಿರಲಿಲ್ಲ. ಆ ಗುಳ್ಳೆಗಳನ್ನು ನೋಡಿದ್ದೆ. ಬಾಪೂಜಿನಗರದ ಹಿಂದೆ, ಬಣ್ಣದ ಕಾರ್ಖಾನೆಯೊಂದರ ಕೊಳಚೆ ಹೊಂಡದ ಹೂಳೆತ್ತಲು ಇಳಿದ ನನ್ನ ಅಣ್ಣ ಬೈರಪ್ಪ ಮೇಲೆ ಬರಲಿಲ್ಲ. ಗುಳ್ಳೆ ಬಂದವು, ಆಮೇಲೆ ಅವೂ ನಿಂತವು. ಮರುದಿನದ ಪೇಪರಿನಲ್ಲಿ ‘ಕೂಲಿಯಾಳಿನ ಸಾವು’ ಎಂದಷ್ಟೇ ಇತ್ತು. ಅವ್ವ ನನ್ನಿಂದ ಅದನ್ನು ಓದಿಸಿಕೊಂಡು, “ಇದು ಯಾರೋ ಬೇರೆಯೋನು ಬಿಡು,” ಎಂದಳು. ಅದಕ್ಕೇ ಪದ್ಯದ ಕೊನೆಯ ಸಾಲಿನಲ್ಲಿ ಬೈರಪ್ಪ ಎಂದು ಬರೆದಿದ್ದೆ. ಒಂದೇ ಒಂದು ಸಲ ಆ ಹೆಸರು ಅಚ್ಚಿನಲ್ಲಿ ಬರಬೇಕು, ಅವ್ವನಿಗೆ ತೋರಿಸಬೇಕು. ಅಷ್ಟಕ್ಕಾಗಿ ಈ ಜನರ ಮುಂದೆ ಕೂತಿದ್ದೆ.

“ಕಳ್ಳತನ ಅಂತ ಯಾಕೆ ಸಾರ್?” ಶ್ಯಾಮಸುಂದರ ಕೋಡುಬಳೆ ಮುರಿಯುತ್ತಾ ಅಂದ. “ಇಂಗ್ಲಿಷಿನ ನವ್ಯರೆಲ್ಲ ಆ ನರಕದಿಂದಾನೇ ತಾನೇ ಎತ್ಕೊಂಡಿರೋದು? ಕೆಳಗೊಂದು ಟಿಪ್ಪಣಿ ಹಾಕ್ಬಿಟ್ರಾಯ್ತು.”

“ಹೂಂ. ಟಿಪ್ಪಣಿ ಇದ್ರೆ ಪಾಂಡಿತ್ಯ, ಇಲ್ದಿದ್ರೆ ಕಳ್ಳಮಾಲು.”

ಮತ್ತೆ ನಗು. ಏಕಾಂತಯ್ಯ ದಪ್ಪ ಪುಸ್ತಕ ತೆರೆದು ಇಟಾಲಿಯನ್ನಿನಲ್ಲೇ ಓದಿದರು. ಒಂದಕ್ಷರ ತಿಳಿಯದಿದ್ದರೂ ಕಿವಿಗೆ ಚೆನ್ನಾಗಿತ್ತು. ಆ ಬಾಯಿಂದ ಬಂದದ್ದು ಚೆನ್ನಾಗಿ ಕೇಳಿಸಿತಲ್ಲ ಎಂದು ಇನ್ನಷ್ಟು ಅಸಹ್ಯವಾಯಿತು. ಹಲ್ಲಿನ ಸಂದಿಯಲ್ಲಿ ಕೋಡುಬಳೆಯ ಚೂರು, ನಾಲಿಗೆಯ ಮೇಲೆ ನರಕ.

“ಆ ಕೆಸರಲ್ಲಿರೋರು ಯಾರು ಗೊತ್ತೇನಯ್ಯಾ? ಪಾಪಿಗಳು. ಒಳ್ಳೇ ಬಿಸಿಲು, ಒಳ್ಳೇ ಗಾಳೀಲಿ ಬದುಕಿದ್ದಾಗ್ಲೂ ಮುಖ ಗಂಟಿಕ್ಕೊಂಡಿದ್ದೋರು. ಅದಕ್ಕೇ ಈ ಶಿಕ್ಷೆ.”

ಬೈರಪ್ಪ ಸ್ನಾನ ಮಾಡುವಾಗ ಸಿನಿಮಾ ಹಾಡು ಕಿರುಚುತ್ತಿದ್ದವನು. ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು.

“ಆ ಕವಿಯ ಗುಂಡಿಗೆ ನೋಡ್ರೀ!” ಏಕಾಂತಯ್ಯನವರ ಕಣ್ಣು ಒದ್ದೆಯಾಗಿತ್ತು. “ತನ್ನೂರಿನ ಜನರನ್ನೇ ಹೆಸರು ಹಿಡಿದು ನರಕದಲ್ಲಿ ಕೂಗ್ದ. ಆ ಹೆಸರುಗಳು ಇವತ್ತಿಗೂ ಉಳ್ಕೊಂಡಿವೆ.”

ಹಾಗೆನ್ನುತ್ತಲೇ ನನ್ನ ಹಾಳೆ ಎಳೆದುಕೊಂಡು, ಕೆಂಪು ಪೆನ್ನಿನಿಂದ ಬೈರಪ್ಪನ ಮೇಲೆ ಗೀಟು ಹೊಡೆದರು.

“ಇದನ್ನ ತೆಗಿ. ಪದ್ಯ ಇಟಲಿ ತನಕ ಹೋಗಿ, ಕೊನೇಲಿ ದೊಪ್ ಅಂತ ಬಾಪೂಜಿನಗರಕ್ಕೆ ಬೀಳುತ್ತೆ.”

“ಹೆಸರು ತೆಗೆದು ಟಿಪ್ಪಣಿ ಹಾಕು ಗುರು, ಮುಂದಿನ ಸಂಚಿಕೇಲೇ ಹಾಕ್ತೀನಿ,” ಎಂದ ಶ್ಯಾಮಸುಂದರ.

ಹೆಸರಿಲ್ಲದೆ ಅಚ್ಚು ಹಾಕುವ ಕೆಲಸವನ್ನು ಪೇಪರಿನವರು ಆಗಲೇ ಮಾಡಿ ಮುಗಿಸಿದ್ದರು. ಹಾಳೆಯನ್ನು ಏಕಾಂತಯ್ಯನವರ ಬೆರಳಡಿಯಿಂದ ಕಿತ್ತುಕೊಂಡೆ. ಎಣ್ಣೆ ಅಂಟಿತ್ತು. ಇಸ್ತ್ರಿ ಅಂಗಿಗೇ ಒರೆಸಿದೆ.

“ಕೋಪ ಯಾಕಯ್ಯಾ? ಅಷ್ಟಕ್ಕೂ ಯಾರು ಈ ಬೈರಪ್ಪ?”

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಬಾಗಿಲಾಚೆಯ ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಿ ಮೆಟ್ಟಿ, ಗೇಟು ದಾಟಿ ನಡೆದೆ.